ದಿನಾ ಅಲ್ಲ ಅಪ್ಪಾಜಿ

ಭದ್ರಾವತಿಯ ಓಲ್ಡ್ ಟೌನ್‌ನಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಅದೇ ಕೌಂಟರ್‌ನ ಹಿಂದೆ ನಿಂತಿದ್ದೇನೆ. ಜ್ವರ, ಕೆಮ್ಮು, ಹೊಟ್ಟೆನೋವು ಎಂದು ಬಂದವರು ಡಾಕ್ಟರ ಹತ್ತಿರ ಹೋಗುವ ಮೊದಲು ನನ್ನ ಮುಖ ನೋಡುತ್ತಾರೆ. ‘ನೀವೇ ಏನಾದ್ರೂ ಕೊಡಿ ಸಾರ್, ಸಾಕು’ ಎನ್ನುತ್ತಾರೆ. ಹಾಗೆ ಕೇಳಿಸಿಕೊಂಡು ಕೇಳಿಸಿಕೊಂಡು ನಾನೂ ಅರ್ಧ ಡಾಕ್ಟರ್ ಎಂಬ ಭ್ರಮೆ ನನಗೆ ಬಂದುಬಿಟ್ಟಿತ್ತು. ಅದು ಇಳಿದದ್ದು ನನ್ನ ಮಗಳಿಗೆ ಹದಿನಾರು ತುಂಬಿದ ವರ್ಷ.

ನಮಗೆ ಅವಳೊಬ್ಬಳೇ. ಆರು ತಿಂಗಳ ಕೂಸಾಗಿದ್ದಾಗಲೇ ಕೆನ್ನೆಯ ಮೇಲೆ ಕೆಂಪು ತೇಪೆ ಎದ್ದಿತ್ತು. ಎಕ್ಜಿಮಾ ಎಂದರು, ದೊಡ್ಡವಳಾಗುತ್ತ ಹೋಗುತ್ತದೆ ಎಂದರು. ಹೋಯಿತು ಕೂಡ. ಆರನೇ ಕ್ಲಾಸಿನವರೆಗೆ ಚಳಿಗಾಲದಲ್ಲಿ ಒಂದಿಷ್ಟು ಕಾಲು ಒಡೆಯುವುದು ಬಿಟ್ಟರೆ ಮತ್ತೇನೂ ಇರಲಿಲ್ಲ. ಹದಿಮೂರರಲ್ಲಿ ಅದು ತಿರುಗಿ ಬಂತು. ಮೊಣಕೈ ಮಡಿಕೆ, ಮೊಣಕಾಲ ಹಿಂದೆ, ಕತ್ತಿನ ಸುತ್ತ, ಕೊನೆಗೆ ಕಣ್ಣಿನ ರೆಪ್ಪೆಯ ಮೇಲೆ. ನಮ್ಮಮ್ಮ ಬದುಕಿದ್ದಾಗ ಪ್ರತಿದಿನ ಬೆಳಿಗ್ಗೆ ಮೊಮ್ಮಗಳ ಹಣೆಗೆ ವಿಭೂತಿ ಹಚ್ಚುತ್ತಿದ್ದರು. ಆ ಬೂದಿ ತಗುಲಿದರೂ ಉರಿಯುತ್ತದೆ ಎಂದು ಅವಳು ತಲೆ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಅಮ್ಮನಿಗೆ ಅದು ಹಟವಾಗಿ ಕಾಣುತ್ತಿತ್ತು.

ನಾನು ಅಂಗಡಿಯಿಂದ ಒಂದು ಕ್ರೀಮ್ ತಂದುಕೊಟ್ಟೆ. ಹತ್ತು ಜನರಿಗೆ ಕೊಟ್ಟ ಕ್ರೀಮೇ ಅದು. ಹಚ್ಚಿದ ಎರಡೇ ದಿನಕ್ಕೆ ಚರ್ಮ ನುಣ್ಣಗಾಯಿತು. ಬಿಟ್ಟ ಹತ್ತು ದಿನಕ್ಕೆ ಮೊದಲಿಗಿಂತ ಕೆಂಪಾಗಿ ಎದ್ದಿತು. ಮತ್ತೆ ಹಚ್ಚಿದಳು. ಖಾಲಿಯಾದಾಗ ಕೇಳುತ್ತಿದ್ದಳು, ನಾನು ಇನ್ನೊಂದು ಟ್ಯೂಬ್ ತರುತ್ತಿದ್ದೆ. ಮೂರು ವರ್ಷ ಹೀಗೇ ನಡೆಯಿತು. ನಡುವೆ ಯಾರೋ ಹೇಳಿದರೆಂದು ಬದನೆಕಾಯಿ ಬಿಡಿಸಿದೆವು, ಕಡಲೆಬೀಜ ಬಿಡಿಸಿದೆವು, ಹಾಲು ಬಿಡಿಸಿ ಮತ್ತೆ ಕೊಟ್ಟೆವು. ಬೇವಿನಸೊಪ್ಪು ಕುದಿಸಿದ ನೀರಲ್ಲಿ ಸ್ನಾನ ಮಾಡಿಸಿದೆವು. ಅವಳು ಎಲ್ಲದಕ್ಕೂ ಹೂಂ ಎನ್ನುತ್ತಿದ್ದಳು. ನಾವು ಅವಳಿಗೆ ದಿನಕ್ಕೆ ಅತಿ ಹೆಚ್ಚು ಸಲ ಹೇಳುತ್ತಿದ್ದ ಮಾತು ಒಂದೇ: ‘ಕೆರ್ಕೋಬೇಡ.’ ಊಟಕ್ಕೆ ಕೂತಾಗ, ಟಿವಿ ನೋಡುವಾಗ, ಓದುವಾಗ. ನನ್ನ ಹೆಂಡತಿ ಪ್ರೈಮರಿ ಶಾಲೆಯ ಟೀಚರ್. ಅಡುಗೆಮನೆಯಲ್ಲಿ ಬೆನ್ನು ಹಾಕಿ ನಿಂತಿದ್ದರೂ ಉಗುರಿನ ಸದ್ದಿಗೆ ಅವಳು ಅಲ್ಲಿಂದಲೇ ಕೂಗುತ್ತಿದ್ದಳು, ‘ಕೈ ತೆಗಿ!’

ಹತ್ತನೇ ಕ್ಲಾಸು ಮುಗಿದ ಬೇಸಿಗೆಯಲ್ಲಿ ಕುಂಸಿಯಲ್ಲಿ ನನ್ನ ಅಕ್ಕನ ಮನೆಯ ಗೃಹಪ್ರವೇಶವಿತ್ತು. ಹೆಣ್ಣುಮಕ್ಕಳು ಸಾಲಾಗಿ ಕಳಶ ಹಿಡಿದು ಒಳಗೆ ಹೋಗಬೇಕು. ನನ್ನ ಮಗಳು ಹಸಿರು ಉದ್ದತೋಳಿನ ಡ್ರೆಸ್ಸಿನಲ್ಲಿ ಸಾಲಿನಲ್ಲಿ ನಿಂತಿದ್ದಳು. ನಮ್ಮ ಕಡೆಯ ಹಿರಿಯ ಹೆಂಗಸೊಬ್ಬರು ಅವಳ ಕೈಯಿಂದ ಕಳಶ ಮೆಲ್ಲಗೆ ತೆಗೆದುಕೊಂಡು, ‘ನೀನು ಬೇಡ ಮಗ, ಕೈ ಹಿಂಗಿದೆ, ಜನ ಏನೋ ಅಂದ್ಕೋತಾರೆ’ ಎಂದರು. ಬೈದು ಹೇಳಲಿಲ್ಲ, ಪ್ರೀತಿಯಿಂದಲೇ ಹೇಳಿದರು. ಮಗಳು ನನ್ನ ಕಡೆ ನೋಡಿದಳು. ನಾನು ಅಲ್ಲೇ, ನಾಲ್ಕು ಹೆಜ್ಜೆ ದೂರದಲ್ಲಿದ್ದೆ.

‘ಹೋಗು ಪುಟ್ಟಿ, ಕಾರಲ್ಲಿ ಕೂತ್ಕೋ. ಇಲ್ಲಿ ಸೆಕೆ ಬೇರೆ’ ಎಂದೆ.

ಅವಳು ಹೋಗಿ ಕೂತಳು. ಊಟಕ್ಕೆ ಕರೆದಾಗ ಹಸಿವಿಲ್ಲ ಎಂದಳು. ದಾರಿಯಲ್ಲಿ ಅಳಲೂ ಇಲ್ಲ. ಅಳದಿದ್ದದ್ದಕ್ಕೆ ನನಗೆ ಸಮಾಧಾನವಾಯಿತು. ಎಷ್ಟು ಬುದ್ಧಿವಂತೆ, ಅರ್ಥ ಮಾಡ್ಕೊಂಡಳು ಎಂದುಕೊಂಡೆ.

ಜೂನ್‌ನಲ್ಲಿ ಶಿವಮೊಗ್ಗದ ಕಾಲೇಜೊಂದರಲ್ಲಿ ಪಿಯುಸಿ ಸೈನ್ಸ್ ಸೇರಿದಳು. ಬೆಳಿಗ್ಗೆ ಎಂಟರ ಬಸ್ಸು, ಸಂಜೆ ಆರು, ಹೆಚ್ಚೆಂದರೆ ಆರೂವರೆಗೆ ಮನೆ. ಮೊದಲ ಕಿರುಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿದ್ದಳು. ಎರಡನೆಯದರ ಬಗ್ಗೆ ಕೇಳಿದಾಗ ಇನ್ನೂ ಪೇಪರ್ ಕೊಟ್ಟಿಲ್ಲ ಎಂದಳು. ಭಾನುವಾರಗಳಲ್ಲಿ ಅಂಗಡಿಗೆ ಬಂದು ಕೂರತೊಡಗಿದಳು. ಮನೆಯಲ್ಲಿ ಬೇಜಾರು ಎಂದಳು. ನಾನು ಊಟಕ್ಕೆ ಹೋಗುವಾಗ ಅಂಗಡಿಯಲ್ಲಿ ಅವಳು ಮತ್ತು ನಮ್ಮ ಅಸಿಸ್ಟೆಂಟ್ ಇರುತ್ತಿದ್ದರು. ಆ ಅಸಿಸ್ಟೆಂಟ್ ಕಾಗದನಗರದ ಕಡೆಯಿಂದ ಸ್ಕೂಟಿಯಲ್ಲಿ ಬರುತ್ತಿದ್ದ ನಲವತ್ತು ದಾಟಿದ ಹೆಂಗಸು. ಫಾರ್ಮಸಿ ಓದಿದ್ದರು. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಆರು ವರ್ಷದಿಂದ ಜೊತೆಗಿದ್ದರು.

ಡಿಸೆಂಬರ್‌ನ ಒಂದು ಮಂಗಳವಾರ ಮಧ್ಯಾಹ್ನ ಸ್ಟಾಕ್ ನೋಡುತ್ತಿದ್ದೆ. ತುರಿಕೆಗೆ ಕೊಡುವ ಒಂದು ಮಾತ್ರೆಯಿದೆ, ಅದು ನಿದ್ದೆಯನ್ನೂ ಬರಿಸುತ್ತದೆ. ಕಂಪ್ಯೂಟರಿನಲ್ಲಿದ್ದಷ್ಟು ಸ್ಟ್ರಿಪ್ ಡ್ರಾಯರಿನಲ್ಲಿ ಇರಲಿಲ್ಲ. ಒಂದೋ ಎರಡೋ ಆಗಿದ್ದರೆ ಬಿಲ್ ಮಾಡಲು ಮರೆತಿದ್ದೇವೆ ಎನ್ನಬಹುದಿತ್ತು. ಎಷ್ಟು ಕಡಿಮೆಯಿತ್ತೆಂದು ಇಲ್ಲಿ ಬರೆಯುವುದಿಲ್ಲ. ಮರೆವು ಎಂದು ಬಿಡುವಷ್ಟು ಚಿಕ್ಕದಾಗಿರಲಿಲ್ಲ, ಅಷ್ಟೇ.

ಡ್ರಾಯರ್ ಮುಟ್ಟುವವರು ನಾವಿಬ್ಬರೇ. ನಾನು ಹಿಂದುಮುಂದು ನೋಡದೆ ಅಸಿಸ್ಟೆಂಟನ್ನು ಕೇಳಿದೆ. ಕೇಳಿದ ರೀತಿಯೂ ಸರಿಯಿರಲಿಲ್ಲ. ‘ಮನೆಗೆ ಬೇಕಿದ್ರೆ ಹೇಳಿ ತಗೊಂಡು ಹೋಗ್ಬೇಕು, ಅಲ್ವಾ?’ ಎಂದೆ.

ಅವರು ಕೈಯಲ್ಲಿದ್ದ ಡಬ್ಬ ಕೆಳಗಿಟ್ಟರು. ಮುಖ ಕೆಂಪಾಯಿತು.

‘ನಾನು ತಗೊಂಡಿಲ್ಲ ಸಾರ್.’

‘ಮತ್ತೆ ಯಾರು ತಗೋತಾರೆ?’

ಅವರು ಡ್ರಾಯರಿನ ಕಡೆ ನೋಡಿದರು. ಆಮೇಲೆ, ‘ಹೋದ ಭಾನ್ವಾರ ಪಾಪು ಆ ಡ್ರಾಯರ್ ಹತ್ರ ನಿಂತು ಬ್ಯಾಗಿಗೆ ಏನೋ ಹಾಕ್ಕೊಂಡ್ಲು. ಅದರ ಹಿಂದಿನ ವಾರಾನೂ. ಕ್ರೀಮ್ ಅಂದ್ಕೊಂಡೆ. ನಿಮಗೆ ಹೇಳಿ ತಗೋತಾಳೆ ಅಂದ್ಕೊಂಡೆ’ ಎಂದರು.

ಕೌಂಟರಿನ ಆಚೆ ಗಿರಾಕಿಯೊಬ್ಬರು ಚೀಟಿ ಚಾಚಿ ನಿಂತಿದ್ದರು. ಅವರನ್ನು ಹಾಗೇ ಬಿಟ್ಟು ಹೊರಗೆ ಬಂದೆ.

ಮನೆಯಲ್ಲಿ ಯಾರೂ ಇರಲಿಲ್ಲ. ಹೆಂಡತಿ ಶಾಲೆಯಲ್ಲಿ, ಮಗಳು ಕಾಲೇಜಿನಲ್ಲಿ. ಅವಳ ಕೋಣೆಗೆ ಹೋಗಿ ಕಪಾಟು ತೆಗೆದೆ. ಹದಿನಾರು ವರ್ಷದ ಹುಡುಗಿಯ ಕಪಾಟಿಗೆ ಅಪ್ಪ ಕೈ ಹಾಕುವುದು ಸರಿಯಲ್ಲ ಎಂಬ ಸಂಕೋಚ ಆ ಗಳಿಗೆಯಲ್ಲೂ ಇತ್ತು. ಬಟ್ಟೆ, ಪುಸ್ತಕ, ದಿಂಬಿನ ಕೆಳಗೆ, ಎಲ್ಲೂ ಇಲ್ಲ. ನಿದ್ದೆಯಲ್ಲಿ ಕೆರೆದುಕೊಳ್ಳಬಾರದೆಂದು ರಾತ್ರಿ ಹಾಕಿಕೊಳ್ಳಲು ನಾನೇ ತಂದುಕೊಟ್ಟ ಹತ್ತಿಯ ಗ್ಲೌಸುಗಳ ಒಂದು ಡಬ್ಬಿ ಮೇಜಿನ ಮೇಲಿತ್ತು. ಮುಚ್ಚಳ ತೆಗೆದೆ. ಮೇಲೆ ಒಂದು ಜೊತೆ ಗ್ಲೌಸು. ಕೆಳಗೆ ಸ್ಟ್ರಿಪ್‌ಗಳು, ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ ಇಟ್ಟಿದ್ದಳು. ಒಂದು ಮಾತ್ರೆಯೂ ಒಡೆದಿರಲಿಲ್ಲ.

ನಾನು ಔಷಧಿ ಮಾರುವವನು. ನಿದ್ದೆ ಬಾರದವರು ಮಾತ್ರೆ ನುಂಗುತ್ತಾರೆ, ಕೂಡಿಡುವುದಿಲ್ಲ. ಅದು ಗೊತ್ತಾಗಲು ಇನ್ನೊಬ್ಬರು ಹೇಳಬೇಕಾಗಿರಲಿಲ್ಲ. ಅವಳ ಮಂಚದ ಮೇಲೆ ಕೂತೆ. ಹಾಸಿಗೆಯ ಮೇಲೆ ಸಣ್ಣ ಸಣ್ಣ ರಕ್ತದ ಚುಕ್ಕೆಗಳಿದ್ದವು, ಒಗೆದರೂ ಹೋಗದವು.

ಅವಳ ಫೋನಿಗೆ ಮಾಡಿದೆ. ಸ್ವಿಚ್ ಆಫ್. ಕಾಲೇಜಿನ ಆಫೀಸಿಗೆ ಮಾಡಿದೆ. ಅವರು ಕ್ಲಾಸ್ ಟೀಚರಿಗೆ ಕೊಟ್ಟರು.

‘ಸಾರ್, ಅವಳು ಬಂದು ಮೂರು ವಾರ ಆಯ್ತಲ್ಲ’ ಎಂದರು ಅವರು. ‘ಹುಷಾರಿಲ್ಲ ಅಂದ್ಕೊಂಡಿದ್ವಿ. ದಿನಾ ನಿಮ್ಮ ನಂಬರಿಗೆ ಮೆಸೇಜ್ ಹೋಗ್ತಾ ಇದೆ.’

ಅವರು ಓದಿದ ನಂಬರು ನನ್ನ ಹೆಂಡತಿ ಬಿಟ್ಟುಬಿಟ್ಟಿದ್ದ ಹಳೆಯ ಸಿಮ್‌ನದು. ಆ ಸಿಮ್ ಈಗ ಮಗಳ ಬಳಿ ಇತ್ತು. ಮೂರು ವಾರದಿಂದ ಅವಳು ಬೆಳಿಗ್ಗೆ ಟಿಫನ್ ಬಾಕ್ಸ್ ಹಿಡಿದು ಹೋಗುತ್ತಿದ್ದಳು, ಖಾಲಿ ಬಾಕ್ಸ್ ತರುತ್ತಿದ್ದಳು. ‘ಇವತ್ತು ಏನು ಪಾಠ ಆಯ್ತು’ ಎಂದು ಕೇಳಿದರೆ ಹೇಳುತ್ತಿದ್ದಳು ಕೂಡ.

ಅದೇ ಬಸ್ಸಿಗೆ ಹೋಗುವ ಭದ್ರಾವತಿಯ ಸಹಪಾಠಿಯೊಬ್ಬಳ ನಂಬರನ್ನು ಟೀಚರೇ ಹುಡುಕಿ ಕೊಟ್ಟರು. ಆ ಹುಡುಗಿ ಮೊದಲು ಏನೂ ಗೊತ್ತಿಲ್ಲ ಅಂಕಲ್ ಎಂದಳು. ನನ್ನ ದನಿ ಒಡೆದದ್ದು ಅವಳಿಗೆ ಕೇಳಿಸಿರಬೇಕು. ‘ಅಂಕಲ್, ಅವಳು ನಮ್ ಜೊತೆ ಇಳಿಯಲ್ಲ. ಮುಂದೆ ದೊಡ್ಡಾಸ್ಪತ್ರೆ ಕಡೆ ಹೋಗ್ತಾಳೆ. ಯಾಕೆ ಅಂತ ಕೇಳಿದ್ದಕ್ಕೆ ಟ್ರೀಟ್‌ಮೆಂಟ್ ಅಂದ್ಲು’ ಎಂದಳು.

ಹೆಂಡತಿಗೆ ಫೋನ್ ಮಾಡಿ ಮನೆಗೆ ಬಂದು ಕೂರಲು ಹೇಳಿದೆ. ಮಗಳು ವಾಪಸ್ ಬಂದರೆ ಮನೆಯಲ್ಲಿ ಒಬ್ಬರಿರಬೇಕಲ್ಲ. ‘ಏನಾಯ್ತು ರೀ, ಏನಾಯ್ತು ಹೇಳಿ’ ಎಂದು ಅವಳು ಕೇಳುತ್ತಲೇ ಇದ್ದಳು. ಬಂದು ಹೇಳ್ತೀನಿ ಎಂದು ಕಟ್ ಮಾಡಿದೆ. ಮಾತ್ರೆಗಳನ್ನು ಜೇಬಿಗೆ ಹಾಕಿಕೊಂಡು ಕಾರು ತೆಗೆದೆ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಅರ್ಧ ಗಂಟೆಯ ದಾರಿ. ಅಷ್ಟು ಉದ್ದದ ರಸ್ತೆಯಲ್ಲಿ ನಾನು ಅದಕ್ಕೆ ಮೊದಲು ಹೋಗಿಲ್ಲ, ಆಮೇಲೂ ಹೋಗಿಲ್ಲ. ಬಸ್ ಸ್ಟಾಪಿನಲ್ಲಿ ಬ್ಯಾಗು ಹಾಕಿ ನಿಂತ ಪ್ರತಿ ಹುಡುಗಿಯ ಮುಖ ನೋಡುತ್ತ ಓಡಿಸಿದೆ. ರೈಲ್ವೆ ಗೇಟು ಬಿದ್ದಿತ್ತು. ಮುಂದಿನ ಬೈಕಿನವನು ಗಾಡಿ ಆಫ್ ಮಾಡಿ ಆರಾಮಾಗಿ ಫೋನ್ ನೋಡುತ್ತಿದ್ದ. ನನಗೆ ಅವನ ಮೇಲೆ ಕಾರಣವಿಲ್ಲದೆ ಸಿಟ್ಟು ಬಂತು.

ಆಸ್ಪತ್ರೆ ತಲುಪಿದಾಗ ಐದು ದಾಟಿತ್ತು. ರೋಗಿಗಳನ್ನು ನೋಡಲು ಬಿಡುವ ಹೊತ್ತು. ಫ್ಲಾಸ್ಕು, ಬುತ್ತಿಚೀಲ, ಚಾಪೆ ಹಿಡಿದ ಜನ ಬಾಗಿಲಲ್ಲಿ ತುಂಬಿದ್ದರು. ಮೊದಲು ಎಮರ್ಜೆನ್ಸಿಗೆ ಹೋದೆ. ಹದಿನಾರು ವರ್ಷದ ಹುಡುಗಿ ಯಾರಾದರೂ ಬಂದಿದ್ದಾರಾ ಎಂದು ಕೇಳಿದೆ. ನರ್ಸ್ ರಿಜಿಸ್ಟರ್ ತಿರುವಿ ಇಲ್ಲ ಎಂದರು. ಆ ‘ಇಲ್ಲ’ದಿಂದ ಸಮಾಧಾನಪಡಬೇಕೋ ಭಯಪಡಬೇಕೋ ತಿಳಿಯಲಿಲ್ಲ. ಹೊರರೋಗಿ ವಿಭಾಗದ ಉದ್ದನೆಯ ಹಾಲಿಗೆ ಬಂದೆ. ಡಾಕ್ಟರ್‌ಗಳ ಬಾಗಿಲುಗಳೆಲ್ಲ ಮುಚ್ಚಿದ್ದವು. ಕಬ್ಬಿಣದ ಬೆಂಚುಗಳ ಮೇಲೆ ಅಲ್ಲೊಬ್ಬರು ಇಲ್ಲೊಬ್ಬರು ಮಲಗಿದ್ದರು. ಕೊನೆಯ ಸಾಲಿನಲ್ಲಿ, ಕಾಲಿಗೆ ಬ್ಯಾಂಡೇಜು ಸುತ್ತಿಕೊಂಡ ಒಬ್ಬ ಅಜ್ಜಿಯ ಪಕ್ಕದಲ್ಲಿ, ನನ್ನ ಮಗಳು ಕೂತಿದ್ದಳು. ಯೂನಿಫಾರ್ಮಿನ ತೋಳು ಮೊಣಕೈವರೆಗೆ ಮಡಚಿದ್ದಳು. ಮನೆಯ ಹೊರಗೆ ಅವಳ ತೋಳು ಬರಿದಾಗಿದ್ದದ್ದನ್ನು ನಾನು ನೋಡಿ ವರ್ಷಗಳೇ ಆಗಿದ್ದವು.

ನನ್ನನ್ನು ಕಂಡ ಕೂಡಲೇ ತೋಳು ಕೆಳಗೆ ಎಳೆದುಕೊಂಡಳು. ಅವತ್ತು ನನಗೆ ಹೆಚ್ಚು ನೋವಾದದ್ದು ಅದೇ.

ಪಕ್ಕದಲ್ಲಿ ಕೂತೆ. ಅಜ್ಜಿ ನಮ್ಮಿಬ್ಬರನ್ನು ನೋಡಿ, ‘ನಿಮ್ ಮಗಳಾ? ನಂಗೆ ನೀರು ತಂದ್ಕೊಡ್ತಾಳೆ ಪಾಪ’ ಎಂದು ಕೋಲು ಊರಿಕೊಂಡು ಎದ್ದುಹೋದರು.

‘ಇಲ್ಲಿ ಏನು ಮಾಡ್ತೀಯ?’

‘ಸುಮ್ನೆ ಕೂತಿರ್ತೀನಿ.’

‘ಮೂರು ವಾರದಿಂದ?’

‘ಇಲ್ಲಿ ನನ್ನ ಯಾರೂ ನೋಡಲ್ಲ ಅಪ್ಪಾಜಿ. ಎಲ್ರಿಗೂ ಏನೋ ಒಂದು ಆಗಿರುತ್ತೆ.’

ಆಮೇಲೆ ನಿಧಾನಕ್ಕೆ ಹೇಳಿದಳು. ಕ್ಲಾಸಿನಲ್ಲಿ ಅವಳಿಗೆ ‘ರವೆ’ ಎಂದು ಹೆಸರಿಟ್ಟಿದ್ದರು. ಕೈ ಕೆರೆದಾಗ ಕಪ್ಪು ಡೆಸ್ಕಿನ ಮೇಲೆ ಚರ್ಮದ ಪುಡಿ ಉದುರುತ್ತಿತ್ತು. ಅವಳು ಒಳಗೆ ಬಂದರೆ ಹಿಂದಿನ ಬೆಂಚಿನವರು ‘ಉಪ್ಪಿಟ್ಟು ರೆಡಿ’ ಎನ್ನುತ್ತಿದ್ದರು. ಕೆಮಿಸ್ಟ್ರಿ ಲ್ಯಾಬಿನಲ್ಲಿ ಜೊತೆಗಿದ್ದ ಹುಡುಗಿ ಅವಳು ಮುಟ್ಟಿದ ಟೆಸ್ಟ್ ಟ್ಯೂಬನ್ನು ಟಿಶ್ಯೂ ಪೇಪರಿನಲ್ಲಿ ಹಿಡಿದಳು. ಒಂದು ದಿನ ರೆಪ್ಪೆ ಊದಿ ಕಣ್ಣು ಅರ್ಧ ಮುಚ್ಚಿತ್ತು. ಅವತ್ತು ಯಾರೋ ಫೋಟೋ ತೆಗೆದು ಗ್ರೂಪಿಗೆ ಹಾಕಿದರು. ಮಾರನೆಯ ದಿನದಿಂದ ಅವಳು ಹೋಗಲಿಲ್ಲ.

‘ನಮಗೆ ಯಾಕೆ ಹೇಳ್ಲಿಲ್ಲ ಪುಟ್ಟಿ?’

‘ಹೇಳಿದ್ರೆ ಕೆರ್ಕೋಬೇಡ ಅಂತೀರ.’

ಜೇಬಿನಿಂದ ಆ ಕಟ್ಟನ್ನು ತೆಗೆದು ನನ್ನ ತೊಡೆಯ ಮೇಲಿಟ್ಟೆ. ಅವಳು ನೋಡಿದಳು, ಮುಖ ತಿರುಗಿಸಿದಳು. ಕತ್ತಿಗೆ ಕೈ ಹೋಯಿತು. ಅಭ್ಯಾಸಬಲದಿಂದ ನಾನು ಆ ಕೈ ಹಿಡಿದೆ. ಹಿಡಿದವನು ಬಿಟ್ಟೆ. ಅವಳು ಕೆರೆದುಕೊಂಡಳು. ನಾನು ನೋಡುತ್ತ ಕೂತೆ. ಕೇಳಬೇಕಾದದ್ದು ಒಂದೇ ಪ್ರಶ್ನೆ. ಆ ಪದವನ್ನು ಬಾಯಿಂದ ಆಡಿದರೆ ಎಲ್ಲಿ ನಿಜವಾಗಿಬಿಡುತ್ತದೋ ಎಂಬ ಹೆದರಿಕೆ. ಆದರೂ ಕೇಳಿದೆ.

‘ಸಾಯ್ಬೇಕು ಅನ್ಸುತ್ತಾ ನಿಂಗೆ?’

ನೆಲ ಒರೆಸುವ ಹೆಂಗಸು ಕಾಲು ಎತ್ತಿ ಎಂದರು, ಇಬ್ಬರೂ ಎತ್ತಿದೆವು, ಅವರು ಒರೆಸಿ ಮುಂದೆ ಹೋದರು.

‘ದಿನಾ ಅಲ್ಲ ಅಪ್ಪಾಜಿ’ ಎಂದಳು. ‘ಕೆಲವು ದಿನ.’

ಇವತ್ತು ಎಂಥ ದಿನ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಅವಳೇ ಹೇಳಿದಳು, ‘ಇವತ್ತು ಪರ್ವಾಗಿಲ್ಲ.’ ಆಗ ನನಗೆ ಅಳು ಬಂತು. ನನ್ನ ಮಗಳು ನನ್ನ ಬೆನ್ನ ಮೇಲೆ ಕೈಯಿಟ್ಟು ಕೂತಳು.

ಮನೆಗೆ ಬಂದ ಮೇಲೆ ನಡೆದದ್ದು ಸುಲಭದ್ದಲ್ಲ. ಹೆಂಡತಿ ಮಗಳನ್ನು ಅಪ್ಪಿಕೊಂಡು ಅತ್ತಳು, ಅತ್ತ ಮೇಲೆ ಬೈದಳು, ಬೈದ ಮೇಲೆ ಮತ್ತೆ ಅತ್ತಳು. ಮಾನಸಿಕ ತಜ್ಞರಿಗೆ ತೋರಿಸಬೇಕು ಎಂದು ನಾನು ಹೇಳಿದಾಗ ಅವಳು ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು.

‘ಹುಚ್ಚರ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ತೀರಾ? ನಾಳೆ ಊರಿಗೆಲ್ಲ ಗೊತ್ತಾಗುತ್ತೆ. ಮೈಗೆ ಹಿಂಗಾಗಿರೋದೇ ಸಾಲ್ದಾ?’

‘ಮಾರಾಯ್ತಿ, ಮಾತ್ರೆ ಎಲ್ಲಿ ಸಿಕ್ತು ಅಂತ ನೋಡಿದ್ಯಾ ನೀನು?’

‘ನಾನು ಜೊತೇಲಿ ಮಲಗ್ತೀನಿ. ರಜ ಹಾಕ್ತೀನಿ. ನೋಡ್ಕೋತೀನಿ.’

‘ಎಷ್ಟು ದಿನ?’

ಬಾಗಿಲಲ್ಲಿ ಮಗಳು ನಿಂತಿದ್ದಳು. ‘ಅಮ್ಮ, ನಾನು ಹೋಗ್ತೀನಿ ಡಾಕ್ಟರ್ ಹತ್ರ. ನಂಗೆ ಸಾಕಾಗಿದೆ’ ಎಂದಳು.

ಮಾರನೆಯ ಬೆಳಿಗ್ಗೆ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಒಬ್ಬ ವೈದ್ಯೆಯನ್ನು ಕಂಡೆವು. ಮಗಳ ಜೊತೆ ಅವರು ಪ್ರತ್ಯೇಕವಾಗಿ ಮುಕ್ಕಾಲು ಗಂಟೆ ಮಾತಾಡಿದರು. ನಾವು ಹೊರಗೆ ಗೋಡೆ ನೋಡುತ್ತ ಕೂತೆವು. ಯಾರಾದರೂ ಗುರುತಿನವರು ಬಂದಾರೆಂದು ಹೆಂಡತಿ ಸೆರಗು ತಲೆಯ ಮೇಲೆ ಎಳೆದುಕೊಂಡಿದ್ದಳು. ಆಮೇಲೆ ನಮ್ಮನ್ನು ಒಳಗೆ ಕರೆದರು.

‘ನಿಮ್ಮ ಮಗಳು ಸರಿಯಾಗಿ ನಿದ್ದೆ ಮಾಡಿ ಎಷ್ಟು ದಿನ ಆಯ್ತು ಗೊತ್ತಾ ನಿಮಗೆ?’ ಎಂದು ಕೇಳಿದರು.

ನಾವು ಒಬ್ಬರನ್ನೊಬ್ಬರು ನೋಡಿಕೊಂಡೆವು.

‘ನವೆ ಇರೋ ಮಕ್ಕಳಿಗೆ ರಾತ್ರಿ ಅನ್ನೋದು ದೊಡ್ಡ ಕೆಲಸ. ಒಂದು ರಾತ್ರಿ ನಿದ್ದೆ ಕೆಟ್ರೆ ನಮಗೆ ಸಿಡುಕು ಬರುತ್ತೆ. ಇವಳಿಗೆ ಮೂರು ವರ್ಷ. ಅದರ ಮೇಲೆ ಹಗಲೆಲ್ಲ ಜನರ ಕಣ್ಣು. ಮನಸ್ಸು ಸೋತಿದೆ. ಇದು ಖಿನ್ನತೆ, ಇದಕ್ಕೆ ಚಿಕಿತ್ಸೆ ಇದೆ. ಚರ್ಮ ಬೇರೆ ಮನಸ್ಸು ಬೇರೆ ಅಂತ ಬಿಡಬೇಡಿ, ಎರಡನ್ನೂ ಒಟ್ಟಿಗೆ ನೋಡೋಣ.’ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಬೀಗ ಹಾಕಿ ಇಡಲು ಹೇಳಿದರು. ಅಂಗಡಿಯಲ್ಲಿ ಅವಳನ್ನು ಒಬ್ಬಳೇ ಬಿಡಬೇಡಿ ಎಂದರು. ಅದನ್ನು ಅವಳ ಎದುರಿಗೇ ಹೇಳಿದರು. ಮಗಳು ತಲೆಯಾಡಿಸಿದಳು. ಇಬ್ಬರ ನಡುವೆ ಆ ಮಾತು ಮೊದಲೇ ಆಗಿತ್ತೆಂದು ಕಾಣುತ್ತದೆ.

ಅವರೇ ಒಬ್ಬ ಚರ್ಮದ ಡಾಕ್ಟರ ಬಳಿ ಕಳಿಸಿದರು. ಆ ಡಾಕ್ಟರು ಕ್ರೀಮಿನ ಟ್ಯೂಬನ್ನು ತಿರುಗಿಸಿ ನೋಡಿ, ‘ಇದನ್ನ ಯಾರು ಬರೆದುಕೊಟ್ಟಿದ್ದು?’ ಎಂದರು.

‘ಯಾರೂ ಬರೆದಿಲ್ಲ. ನಾನೇ ಕೊಟ್ಟಿದ್ದು. ನನ್ನದು ಮೆಡಿಕಲ್ ಶಾಪು.’

ಅವರು ನನಗೆ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಸ್ಟೀರಾಯ್ಡ್ ಕ್ರೀಮೇ ತಪ್ಪಲ್ಲ, ಎಷ್ಟು ಬಲದ್ದು, ಮೈಯ ಯಾವ ಜಾಗಕ್ಕೆ, ಎಷ್ಟು ದಿನ ಎಂಬುದು ಮುಖ್ಯ ಎಂದು ಮಕ್ಕಳಿಗೆ ಹೇಳುವಂತೆ ಹೇಳಿದರು. ಇದು ತುಂಬ ಬಲದ್ದು. ಮೂರು ವರ್ಷ ಕತ್ತಿಗೂ ರೆಪ್ಪೆಗೂ ಹಚ್ಚಿ ಚರ್ಮ ತೆಳುವಾಗಿದೆ. ಇದನ್ನು ಕ್ರಮವಾಗಿ ಬಿಡಿಸುತ್ತೇನೆ, ಬಿಡುವಾಗ ಕೆಲವು ವಾರ ಕಷ್ಟವಾಗುತ್ತದೆ, ತಡೆದುಕೊಳ್ಳಬೇಕು ಎಂದರು. ಮಗಳು ನನ್ನ ಮುಖ ನೋಡಲಿಲ್ಲ. ಕಾರಿನಲ್ಲಿ ನಾನು ‘ತಪ್ಪಾಯ್ತು ಪುಟ್ಟಿ’ ಎಂದೆ. ಅವಳು ಕಿಟಕಿಯ ಹೊರಗೆ ನೋಡುತ್ತ, ‘ಈಗ ಬೇಡ ಅಪ್ಪಾಜಿ, ಆಮೇಲೆ’ ಎಂದಳು.

ಆ ವಾರಗಳು ಡಾಕ್ಟರ್ ಹೇಳಿದ್ದಕ್ಕಿಂತ ಕೆಟ್ಟದಾಗಿದ್ದವು. ಮುಖ, ಕತ್ತು, ತೋಳು ಬೆಂಕಿ ತಾಗಿದ ಹಾಗೆ ಕೆಂಪಾದವು. ಬೆಳಿಗ್ಗೆ ಎದ್ದರೆ ದಿಂಬಿಗೆ ಚರ್ಮ ಅಂಟಿರುತ್ತಿತ್ತು. ಹೆಂಡತಿ ರಜೆ ಹಾಕಿ ಮನೆಯಲ್ಲೇ ಇದ್ದಳು. ದಿನಕ್ಕೆರಡು ಸಲ ಒದ್ದೆ ಬಟ್ಟೆ ಸುತ್ತುವುದನ್ನು ಕಲಿತಳು. ನಾನು ಅಂಗಡಿಯಿಂದ ತಾಸಿಗೊಮ್ಮೆ ಫೋನ್ ಮಾಡುತ್ತಿದ್ದೆ. ಹೆಂಡತಿ ಫೋನ್ ಎತ್ತಲು ತಡಮಾಡಿದರೆ ಶಟರ್ ಎಳೆದು ಓಡಬೇಕೆನಿಸುತ್ತಿತ್ತು.

ಒಂದು ದಿನ ಹಾಗೆ ಓಡಿದೆ ಕೂಡ. ಹೆಂಡತಿಯೇ ಫೋನ್ ಮಾಡಿದ್ದಳು. ‘ಬಾತ್‌ರೂಮಲ್ಲಿದಾಳೆ. ಇಪ್ಪತ್ತು ನಿಮಿಷ ಆಯ್ತು. ಕರೆದ್ರೆ ಮಾತಾಡ್ತಿಲ್ಲ.’ ನಾನು ಬಂದಾಗ ಹೆಂಡತಿ ಬಾಗಿಲು ಬಡಿದು ಬಡಿದು ಕೈ ಕೆಂಪು ಮಾಡಿಕೊಂಡಿದ್ದಳು. ಒಳಗೆ ನಲ್ಲಿಯ ನೀರು ಬೀಳುವ ಸದ್ದು. ನಾನು ಭುಜ ಕೊಟ್ಟು ಗುದ್ದಿದೆ. ಮೂರನೆಯ ಸಲಕ್ಕೆ ಚಿಲಕ ಕಿತ್ತುಬಂತು. ಮಗಳು ಬಟ್ಟೆ ಹಾಕಿಕೊಂಡೇ, ಮಂಡಿ ಅಪ್ಪಿಕೊಂಡು ತಣ್ಣೀರಿನ ಕೆಳಗೆ ಕೂತಿದ್ದಳು. ತುಟಿ ನೀಲಿಯಾಗಿತ್ತು. ‘ಉರಿ ತಡ್ಕೊಳ್ಳೋಕಾಗ್ಲಿಲ್ಲ’ ಎಂದಳು. ‘ಮಾತಾಡೋಕೂ ಆಗ್ಲಿಲ್ಲ. ಅಷ್ಟೇ.’

ಮಾರನೆಯ ದಿನ ಬಡಗಿಯನ್ನು ಕರೆಸಿ ಬಾಗಿಲು ಸರಿಮಾಡಿಸಿದೆ. ಚಿಲಕ ಹಾಕಿಸಲಿಲ್ಲ. ಅದನ್ನು ನೋಡಿ ಮಗಳಿಗೆ ಬಂದ ಸಿಟ್ಟನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ‘ಸ್ನಾನ ಮಾಡೋಕೂ ನಂಗೆ ಬಾಗಿಲಿಲ್ವಾ? ನಾನೇನು ಕಳ್ಳೀನಾ?’ ಎಂದು ಕಿರುಚಿದಳು. ಎರಡು ದಿನ ನಮ್ಮ ಜೊತೆ ಮಾತು ಬಿಟ್ಟಳು. ಆ ವಾರ ದುರ್ಗಿಗುಡಿಯ ವೈದ್ಯೆಯ ಎದುರು ಮೂವರೂ ಇದೇ ಜಗಳ ಆಡಿದೆವು. ಅವರು ಯಾರ ಪರವೂ ಮಾತಾಡದೆ, ಇದಕ್ಕೆ ಏನು ಮಾಡೋಣ ನೀವೇ ಹೇಳಿ ಎಂದರು. ಕೊನೆಗೆ ಮಗಳೇ ಹೇಳಿದಳು. ಚಿಲಕ ಇರಲಿ. ಹೊರಗಿನಿಂದ ಬಡಿದರೆ ಅವಳು ಹೂಂ ಎನ್ನಬೇಕು, ಮಾತಾಡಲು ಆಗದಿದ್ದರೆ ಒಳಗಿನಿಂದ ಬಾಗಿಲಿಗೆ ಎರಡು ಸಲ ತಟ್ಟಬೇಕು. ತಟ್ಟಿದ ಮೇಲೆ ನಾವು ಕರೆಯಬಾರದು. ಎಷ್ಟೋ ಸಂಜೆ ನನ್ನ ಹೆಂಡತಿ ಆ ಬಾಗಿಲಿನ ಹೊರಗೆ ಗೋಡೆಗೊರಗಿ ಕೂತು ಆ ಎರಡು ತಟ್ಟುಗಳಿಗೆ ಕಾದದ್ದನ್ನು ನೋಡಿದ್ದೇನೆ.

ಅಸಿಸ್ಟೆಂಟ್ ಹತ್ತಿರ ಕ್ಷಮೆ ಕೇಳುವುದು ಬಾಕಿಯಿತ್ತು. ಮೊದಲ ದಿನಗಳ ಗಡಿಬಿಡಿಯಲ್ಲಿ ಅದು ಹಿಂದೆ ಬಿದ್ದಿತ್ತು. ಅವರು ಒಂದು ದಿನವೂ ತಪ್ಪಿಸದೆ ಬಂದು ಅಂಗಡಿ ನಡೆಸುತ್ತಿದ್ದರು. ಒಂದು ಬೆಳಿಗ್ಗೆ ಗಿರಾಕಿಗಳಿಲ್ಲದಾಗ, ‘ಅವತ್ತು ನಾನು ಹಾಗೆ ಕೇಳ್ಬಾರ್ದಿತ್ತು. ತಪ್ಪು ನನ್ನದು’ ಎಂದೆ.

‘ಹೌದು ಸಾರ್, ಕೇಳ್ಬಾರ್ದಿತ್ತು’ ಎಂದರು ಅವರು. ‘ನನಗೆ ಅದು ಮರೆಯೋಕಾಗಲ್ಲ. ಆದ್ರೆ ನಾನೂ ಮೊದಲನೇ ವಾರಾನೇ ನಿಮಗೆ ಹೇಳ್ಬೇಕಿತ್ತು. ಅದೂ ಮರೆಯೋಕಾಗಲ್ಲ.’ ಮುಂದಿನ ವರ್ಷ ಅವರಿಗೆ ಶಿವಮೊಗ್ಗದಲ್ಲಿ ಒಳ್ಳೆಯ ಕೆಲಸ ಸಿಕ್ಕಿ ಹೋದರು. ನಮ್ಮ ನಡುವೆ ಮೊದಲಿನ ಸಲಿಗೆ ತಿರುಗಿ ಬರಲಿಲ್ಲ. ಮಗಳಿಗೆ ಮಾತ್ರ ಈಗಲೂ ಫೋನ್ ಮಾಡುತ್ತಾರೆ.

ಕ್ರೀಮ್ ಜೊತೆ ಇನ್ನೊಂದನ್ನೂ ನಾನು ಬಿಟ್ಟೆ. ಚೀಟಿಯಿಲ್ಲದೆ ಚರ್ಮಕ್ಕೆ ಏನನ್ನೂ ಕೊಡುವುದಿಲ್ಲ. ‘ಇಷ್ಟು ದಿನ ಕೊಡ್ತಿದ್ರಲ್ಲ, ಈಗೇನಾಯ್ತು’ ಎಂದು ಬೈದುಕೊಂಡು ಪಕ್ಕದ ಅಂಗಡಿಗೆ ಹೋಗುತ್ತಾರೆ. ಹೋಗಲಿ.

ಹಾಜರಾತಿ ಸಾಲದೆ ಅವಳ ಒಂದು ವರ್ಷ ಹೋಯಿತು. ನೆಂಟರಿಗೆ ಏನು ಹೇಳಬೇಕೆಂದು ನಾವು ಯೋಚಿಸುತ್ತಿದ್ದಾಗ ಅವಳೇ ಹೇಳಿಬಿಟ್ಟಳು. ‘ನಂಗೆ ಡಿಪ್ರೆಷನ್ ಆಗಿತ್ತು ಅತ್ತೆ, ಔಷಧಿ ತಗೋತಿದೀನಿ’ ಎಂದು ಕುಂಸಿಯ ನನ್ನ ಅಕ್ಕನಿಗೆ ಫೋನಿನಲ್ಲಿ ಸಾಮಾನ್ಯ ದನಿಯಲ್ಲಿ ಹೇಳುತ್ತಿದ್ದಾಗ ನನ್ನ ಹೆಂಡತಿ ಸೌಟು ಹಿಡಿದು ಅಲುಗಾಡದೆ ನಿಂತಿದ್ದಳು. ಮರುವರ್ಷ ಭದ್ರಾವತಿಯಲ್ಲೇ ಕಾಮರ್ಸ್ ಸೇರಿದಳು. ಸೇರಿದ ಮೊದಲ ವಾರ ಅಮ್ಮನ ಜೊತೆ ಹೋಗಿ ಕ್ಲಾಸ್ ಟೀಚರಿಗೆ ತನ್ನ ಕಾಯಿಲೆಯ ಹೆಸರು ಹೇಳಿ, ಇದು ಅಂಟುವುದಿಲ್ಲ ಎಂದು ಹೇಳಿ ಬಂದಳು. ಅಲ್ಲೂ ನೋಡುವವರು ನೋಡಿದರು. ಪಕ್ಕದಲ್ಲಿ ಕೂರುವ ಒಬ್ಬಳು ಸಿಕ್ಕಿದಳು. ಅವಳಿಗೆ ಒಬ್ಬಳು ಸಾಕಾಗಿತ್ತು.

ಈಗ ಅವಳು ಶಿವಮೊಗ್ಗದಲ್ಲಿ ಡಿಗ್ರಿ ಓದುತ್ತಿದ್ದಾಳೆ, ದಿನಾ ಹೋಗಿ ಬರುತ್ತಾಳೆ. ಚರ್ಮ ಪೂರ್ತಿ ವಾಸಿಯಾಗಿಲ್ಲ, ಆಗುತ್ತದೆ ಎಂದು ಯಾರೂ ನಮಗೆ ಹೇಳಿಲ್ಲ. ಒಳ್ಳೆಯ ತಿಂಗಳುಗಳಿವೆ, ಕೆಟ್ಟ ವಾರಗಳಿವೆ. ಮನಸ್ಸಿನ ಮಾತ್ರೆ ಒಂದೂವರೆ ವರ್ಷ ತೆಗೆದುಕೊಂಡು, ವೈದ್ಯೆ ಹೇಳಿದ ಹಾಗೆ ಕಡಿಮೆ ಮಾಡುತ್ತ ನಿಲ್ಲಿಸಿದ್ದಾಳೆ. ಬೇಕೆನಿಸಿದಾಗ ಹೋಗಿ ಮಾತಾಡಿ ಬರುತ್ತಾಳೆ.

ಹೋದ ತಿಂಗಳು ಪರೀಕ್ಷೆಯ ದಿನಗಳಲ್ಲಿ ಮಧ್ಯಾಹ್ನ ಎರಡರ ಹೊತ್ತಿಗೆ ಅವಳಿಂದ ಮೆಸೇಜ್ ಬಂತು. ‘ಇವತ್ತು ಮೈಯೂ ಚೆನ್ನಾಗಿಲ್ಲ, ಮನಸೂ ಚೆನ್ನಾಗಿಲ್ಲ. ಎರಡೂವರೆ ಬಸ್ಸಿಗೆ ಬರ್ತೀನಿ. ಏನೂ ಕೇಳ್ಬೇಡಿ, ಅನ್ನ ಸಾರು ಇಡಿ.’ ನಾನು ಬಸ್ ಸ್ಟ್ಯಾಂಡಿಗೆ ಹೋಗಿ ನಿಂತೆ. ಅವಳು ಇಳಿದಳು, ಕತ್ತು ಕೆಂಪಾಗಿತ್ತು, ತೋಳು ಮಡಚಿದ್ದಳು. ಬ್ಯಾಗನ್ನು ನನ್ನ ಕೈಗೆ ಕೊಟ್ಟಳು. ಏನೂ ಕೇಳದೆ ಅದನ್ನು ಹೆಗಲಿಗೆ ಹಾಕಿಕೊಂಡು ಅವಳ ಪಕ್ಕದಲ್ಲಿ ನಡೆದೆ.